ನಾಲಿಗೆಯಡಿಯ ಪಟ್ಟಿ

ಆ ಕೋರ್ಟಿನಲ್ಲಿ ಚಪ್ಪಾಳೆ ಹೊಡೆಯುತ್ತಿದ್ದರು. ಕೆಂಡ್ರಾ ಸ್ಲೋನ್‌ಗೆ ಮೊದಲ ದಿನದಿಂದಲೂ ಮೈ ಉರಿಯುತ್ತಿದ್ದದ್ದು ಅದಕ್ಕೇ. ನಶೆಗೆ ಬಿದ್ದು ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ಎರಡು ವಾರಕ್ಕೊಮ್ಮೆ ಅಲ್ಲಿಗೆ ಬರಬೇಕು. ಜಡ್ಜ್ ಸ್ಟಿಡಮ್ ಒಬ್ಬೊಬ್ಬರನ್ನೇ ಮುಂದೆ ಕರೆದು, ವಕೀಲರನ್ನು ಪಕ್ಕಕ್ಕಿರಿಸಿ, ಸೋದರಮಾವನಂತೆ ಯೋಗಕ್ಷೇಮ ವಿಚಾರಿಸುತ್ತಿದ್ದರು. ನಶೆ ಮುಟ್ಟದೆ ಬಂದವರಿಗೆ ಹಿಂದಿನ ಬೆಂಚುಗಳಿಂದ ಚಪ್ಪಾಳೆ. ಆಮೇಲೆ ಮೇಜಿನ ಮೇಲಿನ ಗಾಜಿನ ಭರಣಿಗೆ ಕೈ ಹಾಕಿ ಒಂದು ಚಾಕೊಲೇಟ್ ಆರಿಸಿಕೊಳ್ಳಬೇಕು. ಇಪ್ಪತ್ತೊಂಬತ್ತು ವರ್ಷದ ಹೆಂಗಸು, ಒಂದು ಮಗುವಿನ ತಾಯಿ, ಭರಣಿಯೊಳಗೆ ಕೈ ಹಾಕಿ ಚಾಕೊಲೇಟ್ ಹುಡುಕುವುದು! ಮಗುವನ್ನು ಕಿತ್ತುಕೊಂಡು ಚಾಕೊಲೇಟ್ ಕೊಡುವ ನ್ಯಾಯ ಯಾವ ಊರಿನದು ಎಂದು ಅವಳು ಮೊದಲ ಸಲವೇ ಕೇಳಿದ್ದಳು. ಜಡ್ಜ್ ನಕ್ಕು, "ಇದೇ ಊರಿಂದಮ್ಮ, ಇನ್ನೊಂದು ತಗೋ," ಎಂದಿದ್ದರು.

ಇವತ್ತು ಮಾತ್ರ ಅವಳಿಗೆ ಆ ಚಪ್ಪಾಳೆ ಬೇಕಾಗಿತ್ತು. ಇವತ್ತು ಎಲ್ಲ ಸರಿಯಾಗಿದ್ದರೆ ಆರು ವರ್ಷದ ಜೋಸಿ ಅಜ್ಜಿಯ ಮನೆ ಬಿಟ್ಟು ಅಮ್ಮನ ಜೊತೆ ಇರಲು ಬರುವಳೆಂದು ಕಳೆದ ಸಲವೇ ಮಾತಾಗಿತ್ತು. ಪಕ್ಕದ ಆಟದ ಕೋಣೆಯಲ್ಲಿ ಜೋಸಿ ಕೂತಿದ್ದಳು. ಬೆನ್ನಿಗೆ ಹಾಕಿದ ಗುಲಾಬಿ ಚೀಲವನ್ನು ಇಳಿಸು ಎಂದರೂ ಇಳಿಸಿರಲಿಲ್ಲ. ಊರಾಚೆ, ನಶೆ ಬಿಟ್ಟ ತಾಯಂದಿರಿಗೆಂದೇ ಇದ್ದ ಕಟ್ಟಡದ ಮೇಲಿನ ಕೋಣೆಯಲ್ಲಿ ಕೆಂಡ್ರಾ ಅವಳಿಗಾಗಿ ಪುಟ್ಟ ಮಂಚಕ್ಕೆ ಹಳದಿ ಬಣ್ಣ ಬಳಿದಿದ್ದಳು. ಬಣ್ಣ ಬಳಿಯುವಾಗ ಕೈ ನಡುಗಿ ಗೋಡೆಗೂ ಬಿದ್ದಿತ್ತು.

ಆ ನಡುಕದ ಕಾರಣ ಈಗ ಹಿಂದಿನ ಬೆಂಚಿನಲ್ಲಿ, ಭಾನುವಾರದ ನೀಲಿ ಉಡುಪು ತೊಟ್ಟು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಸೆಟೆದು ಕೂತಿತ್ತು. ಅವಳ ತಾಯಿ ವನೆಟ್ಟಾ.

ಎರಡು ವಾರದ ಹಿಂದೆ, ಕೋರ್ಟು ಮುಗಿಸಿ ಬಂದ ಸಂಜೆ, ಜೋಸಿಯನ್ನು ನೋಡಲೆಂದು ಕೆಂಡ್ರಾ ತಾಯಿಯ ಅಡುಗೆಮನೆಯಲ್ಲಿ ಕೂತಿದ್ದಳು. ಒಲೆಯ ಮೇಲೆ ಹಂದಿಮೂಳೆ ಹಾಕಿದ ಬೀನ್ಸ್ ಬೇಯುತ್ತಿತ್ತು. ಹೊತ್ತಾಯಿತೆಂದು ಕೆಂಡ್ರಾ ತನ್ನ ಮದ್ದಿನ ಪಟ್ಟಿಯನ್ನು ಬಿಚ್ಚಿ ನಾಲಿಗೆಯ ಕೆಳಗಿಟ್ಟುಕೊಂಡಳು. ಕಿತ್ತಳೆ ಬಣ್ಣದ, ಉಗುರಗಲದ ತೆಳು ಪಟ್ಟಿ. ಹೆರಾಯಿನ್ ಬಿಟ್ಟ ಮೈ ಮತ್ತೆ ಅದಕ್ಕಾಗಿ ಬೊಬ್ಬೆ ಹೊಡೆಯದಂತೆ ಡಾಕ್ಟರು ಬರೆದುಕೊಟ್ಟದ್ದು. ಪೂರ್ತಿ ಕರಗುವವರೆಗೆ ನುಂಗಬಾರದು, ಮಾತಾಡಬಾರದು. ವನೆಟ್ಟಾ ಕಾಯುತ್ತಿದ್ದದ್ದು ಆ ಹೊತ್ತಿಗೇ. ಮಗಳು ತಿರುಗಿ ಬಾಯಿ ಕೊಡಲಾಗದ ಹೊತ್ತು ದಿನಕ್ಕೆ ಅದೊಂದೇ.

"ನೋಡು, ನೋಡು ನಿನ್ನ ಅವತಾರ," ಎಂದಳು ಬೀನ್ಸ್ ತಿರುವುತ್ತ. "ಮಗು ಮುಂದೆ ಕೂತ್ಕೊಂಡು ಡ್ರಗ್ಸ್ ಚೀಪ್ತೀಯಲ್ಲೇ. ಅಲ್ಲಿ ಚಪ್ಪಾಳೆ ಹೊಡಿಸ್ಕೊಂಡು ಬಂದೆ, ಬಿಟ್ಟೆ ಅಂತ. ಏನೇ ಬಿಟ್ಟಿದ್ದೀಯ? ಬೀದಿಲಿ ಮಾರೋನನ್ನ ಬಿಟ್ಟು ಬಿಳಿ ಕೋಟಿನೋನನ್ನ ಹಿಡಿದಿದ್ದೀಯ, ಅಷ್ಟೇ. ನಿಮ್ಮಣ್ಣನ್ನ ತಿಂದಿದ್ದೂ ಇದೇ ದರಿದ್ರ ಪಟ್ಟಿ. ಜೇಬಲ್ಲಿ ಸಿಕ್ತಲ್ಲ, ಕಣ್ಣಾರೆ ನೋಡ್ದೆ."

ಅಣ್ಣ ಡ್ವೇನ್ ಗಣಿಯಲ್ಲಿ ಬೆನ್ನು ಮುರಿದುಕೊಂಡು, ನೋವಿನ ಮಾತ್ರೆಗೆ ಬಿದ್ದು, ಮಾತ್ರೆಯಿಂದ ಸೂಜಿಗೆ ಇಳಿದವನು. ಅವನು ಸತ್ತಾಗ ಕೆಂಡ್ರಾ ತಾನೇ ಯಾವುದೋ ಚಕ್ರದ ಮೇಲಿನ ಟ್ರೇಲರ್ ಮನೆಯ ನೆಲದ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು. ಮಣ್ಣಿಗೂ ಹೋಗಿರಲಿಲ್ಲ. ಅವನ ಕಡೆಯ ದಿನಗಳ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ತಾಯಿ ಹೇಳಿದ್ದೇ.

ಪಟ್ಟಿ ಕರಗಿದ ಮೇಲೆ ಕೆಂಡ್ರಾ ಹೇಳಿದಳು. "ಡಾಕ್ಟ್ರು ಹೇಳಿದ್ದು ಅಮ್ಮಾ. ಸಕ್ಕರೆ ಕಾಯಿಲೆಗೆ ಸೂಜಿ ತಗೊಳ್ಳಲ್ವಾ, ಹಾಗೆ."

"ಸಕ್ಕರೆ ಕಾಯಿಲೆಯೋರು ಮಗುನ ಕಾರಲ್ಲಿ ಬಿಟ್ಟು ಪೆಟ್ರೋಲ್ ಬಂಕಿನ ಕಕ್ಕಸಲ್ಲಿ ನೀಲಿಯಾಗಿ ಬಿದ್ದಿರಲ್ಲ ಕಣೇ."

ಕೆಂಡ್ರಾ ಜೋಸಿಯನ್ನು ಕಳೆದುಕೊಂಡದ್ದು ಆ ದಿನವೇ. ವನೆಟ್ಟಾ ಒಲೆ ಆರಿಸಿ, ಎದುರಿಗೆ ಕೂತು, ದನಿ ಇಳಿಸಿದಳು. "ಮುಂದಿನ ಸಲ ಜಡ್ಜು ನನ್ನನ್ನ ಕೇಳ್ತಾನೆ. ಇವಳ ಕೈಗೆ ಮಗು ಕೊಡಬಹುದಾ ಅಂತ. ಪ್ರತಿ ಸಲ ಕೇಳ್ತಾನೆ. ಈ ಪಟ್ಟಿ ನಿನ್ನ ಬಾಯಲ್ಲಿರೋವರೆಗೂ ನನ್ನ ಬಾಯಿಂದ ಹೂಂ ಬರಲ್ಲ. ಬಿಡು. ಪೂರ್ತಿ ಬಿಡು. ದೇವರ ಮುಂದೆ ಚೊಕ್ಕವಾಗಿ ನಿಲ್ಲು. ಜೋಸಿನ ನಾನೇ ತಂದು ನಿನ್ನ ತೊಡೆ ಮೇಲೆ ಕೂರಿಸ್ತೀನಿ."

ಎಂದು ಕೈ ಚಾಚಿದಳು. ಕೆಂಡ್ರಾ ಪಟ್ಟಿಗಳ ಪೊಟ್ಟಣವನ್ನು ಆ ಕೈಯಲ್ಲಿಟ್ಟಳು. ವನೆಟ್ಟಾ ಅದನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು.

ಆಮೇಲಿನದು ನರಕ. ಮೈಯೆಲ್ಲ ಬೆವರು, ಹೊಟ್ಟೆಯಲ್ಲಿ ತೊಳಸು, ಕಾಲುಗಳು ತಮ್ಮಷ್ಟಕ್ಕೆ ಒದೆಯುತ್ತಿದ್ದವು. ಕಟ್ಟಡದ ಮೇಲ್ವಿಚಾರಕಿ ಕೇಳಿದರೆ ಶೀತಜ್ವರ ಎಂದಳು. ಕೆಳಗಿನ ಬೀದಿಯ ತಿರುವಿನಲ್ಲಿ ಯಾರ ಬಳಿ ಏನು ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಹೋಗಲಿಲ್ಲ. ಹಲ್ಲು ಕಚ್ಚಿ, ದಿಂಬು ಕಚ್ಚಿ, ಹೋಗಲಿಲ್ಲ. ಭಾನುವಾರ ತಾಯಿಯ ಚರ್ಚಿನಲ್ಲಿ ಎದ್ದು ನಿಂತು, ಎಲ್ಲವನ್ನೂ ಬಿಟ್ಟೆ, ಡಾಕ್ಟರ ಮದ್ದನ್ನೂ ಬಿಟ್ಟೆ ಎಂದಾಗ ಅಲ್ಲಿಯೂ ಚಪ್ಪಾಳೆ ಬಿತ್ತು. ವನೆಟ್ಟಾ ಎಲ್ಲರ ಮುಂದೆ ಅವಳನ್ನು ತಬ್ಬಿಕೊಂಡಳು. ಹುಟ್ಟಿದಾರಭ್ಯ ಆ ಹೆಂಗಸು ಹಾಗೆ ತಬ್ಬಿಕೊಂಡದ್ದು ಕೆಂಡ್ರಾಗೆ ನೆನಪಿರಲಿಲ್ಲ.

"ಬಾಮ್ಮ ಕೆಂಡ್ರಾ," ಎಂದರು ಜಡ್ಜ್.

ಅವಳು ಎದೆ ಸೆಟೆಸಿ ಮುಂದೆ ಹೋಗಿ ನಿಂತಳು. ಜಡ್ಜ್ ಸ್ಟಿಡಮ್ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ನಿಂತಿದ್ದ ಡೀಡ್ರಾ, ಕೋರ್ಟಿನ ಕಡೆಯಿಂದ ಕೆಂಡ್ರಾಳ ಕೇಸು ನೋಡಿಕೊಳ್ಳುತ್ತಿದ್ದವಳು, ನೆಲ ನೋಡುತ್ತಿದ್ದಳು.

"ನಿನ್ನ ಮೂತ್ರದ ಪರೀಕ್ಷೆ ಬಂದಿದೆ," ಎಂದರು ಜಡ್ಜ್.

"ಏನೂ ಇರಲ್ಲ ಸ್ವಾಮಿ. ಈ ಸಲ ಏನಂದ್ರೆ ಏನೂ ಇರಲ್ಲ," ಎಂದಳು ಕೆಂಡ್ರಾ. ಮುಖವೆಲ್ಲ ನಗುವಾಗಿತ್ತು.

"ಹೌದು. ಏನೂ ಇಲ್ಲ. ಅದೇ ತೊಂದರೆ. ಹೆರಾಯಿನ್ ಇಲ್ಲ, ಸರಿ. ಆದ್ರೆ ಡಾಕ್ಟ್ರು ಕೊಟ್ಟ ಮದ್ದು ಇರಬೇಕಲ್ಲ ನಿನ್ನ ಮೈಯಲ್ಲಿ? ಅದೂ ಇಲ್ಲ. ಔಷಧಿ ಅಂಗಡಿಯಿಂದ ಪಟ್ಟಿಗಳನ್ನ ಮಾತ್ರ ತಪ್ಪದೆ ತಗೊಂಡು ಹೋಗಿದ್ದೀಯ. ನಿನ್ನ ಬಾಯಿಗೆ ಹೋಗಿಲ್ಲ ಅಂದ್ರೆ ಯಾರ ಬಾಯಿಗೆ ಹೋಯ್ತು?"

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಈ ಬೆಟ್ಟದ ಊರುಗಳಲ್ಲಿ ಆ ಪಟ್ಟಿಗಳಿಗೂ ಗಿರಾಕಿಗಳಿದ್ದರು. ಇದೇ ಕೋರ್ಟಿಗೆ ಬರುತ್ತಿದ್ದ ರೋನಿ ಎಂಬವನು ತನ್ನ ಪಾಲಿನದನ್ನು ಮಾರಿ ಸಿಕ್ಕಿಬಿದ್ದು, ಮಕ್ಕಳನ್ನು ಪೂರ್ತಿಯಾಗಿ ಕಳೆದುಕೊಂಡಿದ್ದ. ಈಗ ಎಲ್ಲರೂ ಅವಳನ್ನು ರೋನಿಯನ್ನು ನೋಡಿದಂತೆ ನೋಡುತ್ತಿದ್ದರು. ಕೆಂಡ್ರಾಳ ಪಿತ್ತ ನೆತ್ತಿಗೇರಿತು.

"ಮಾರಿದ್ದೀನಿ ಅಂತೀರಾ? ನಾನು ಮಾರಿದ್ದೀನಿ ಅಂತೀರಾ?" ಎಂದು ಕೂಗಿದಳು. "ಮೈಯಲ್ಲಿ ಮದ್ದಿಟ್ಕೊಂಡು ಬಂದಾಗ ಚಪ್ಪಾಳೆ ಹೊಡೆದ್ರಿ. ಎಲ್ಲ ಬಿಟ್ಟು, ಸತ್ತು ಬದುಕಿ ಬಂದು ನಿಂತಿದ್ದೀನಿ, ಕಳ್ಳಿ ಅಂತೀರಾ? ಯಾವ ಸೀಮೆ ಕೋರ್ಟಿದು? ನೀವು ಏನು ಕೇಳ್ತೀರೋ ನಿಮಗೇ ಗೊತ್ತಿದ್ಯಾ?"

ಬಾಗಿಲಲ್ಲಿದ್ದ ಪೊಲೀಸಿನವನು ಒಂದು ಹೆಜ್ಜೆ ಮುಂದೆ ಬಂದ. ಜಡ್ಜ್ ಬೇಡವೆಂದು ಕೈ ತೋರಿಸಿದರು. ಬೈಸಿಕೊಳ್ಳುವುದು ಅವರಿಗೆ ಹೊಸದಲ್ಲ.

"ನೀನೇ ಬಿಟ್ಟೆ ಅಂತೀಯ. ಆಗಲಿ, ನಂಬ್ತೀನಿ. ನಮ್ಮ ನರ್ಸು ನಿನಗೆ ಹೇಳಿಲ್ವಾ, ಹಾಗೆ ಬಿಡಬಾರದು ಅಂತ?"

ನರ್ಸು ಹೇಳಿದ್ದಳು. ಸಾಯುವವರು ಹೆಚ್ಚಾಗಿ ಬಿಟ್ಟವರೇ ಎಂದಿದ್ದಳು. ಬಿಟ್ಟ ಮೇಲೆ ಮೈಗೆ ಹಳೆಯ ತಾಕತ್ತಿರುವುದಿಲ್ಲ, ಕೈಗೆ ಮಾತ್ರ ಹಳೆಯ ಅಳತೆ ನೆನಪಿರುತ್ತದೆ. ಒಂದೇ ಒಂದು ಸಲ ಎಡವಿದರೆ ಸಾಕು. ಕೆಂಡ್ರಾ ಕೇಳಿಸಿಕೊಂಡಿದ್ದಳು, ತಲೆ ಆಡಿಸಿದ್ದಳು, ತಾಯಿಯ ಅಡುಗೆಮನೆಯಲ್ಲಿ ಮರೆತಿದ್ದಳು.

"ಹಾಗಾದ್ರೆ ಪಟ್ಟಿಗಳು ಎಲ್ಲಿವೆ? ತಂದು ಡೀಡ್ರಾ ಕೈಗೆ ಕೊಡು. ಅಲ್ಲಿಗೆ ಈ ಮಾತು ಮುಗೀತು."

ಕೆಂಡ್ರಾ ತಿರುಗಿ ನೋಡಿದಳು. ವನೆಟ್ಟಾ ಕೈಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಮೇಲಿನ ಗಡಿಯಾರವನ್ನೇ ದಿಟ್ಟಿಸುತ್ತಿದ್ದಳು. ಒಂದು ಮಾತು. ಎದ್ದು ನಿಂತು, ನನ್ನ ಹತ್ತಿರ ಇದೆ ಎಂದರೆ ಸಾಕಿತ್ತು.

ಆದರೆ ಆ ಮಾತಿನ ಬೆಲೆ ಕೆಂಡ್ರಾಗೂ ಗೊತ್ತಿತ್ತು. ಡಾಕ್ಟರು ಕೊಟ್ಟ ಮದ್ದನ್ನು ಕಿತ್ತಿಟ್ಟುಕೊಂಡ ಅಜ್ಜಿಯ ಮನೆಯಲ್ಲಿ ಜೋಸಿಯನ್ನು ಇನ್ನು ಒಂದು ದಿನವೂ ಬಿಡುವುದಿಲ್ಲ. ತನಗೂ ಕೊಡದಿದ್ದರೆ ಮಗು ಹೋಗುವುದು ಗುರುತಿಲ್ಲದವರ ಮನೆಗೆ. ಗುಲಾಬಿ ಚೀಲದ ಸಮೇತ ಯಾರದೋ ಕಾರು ಹತ್ತುತ್ತದೆ. ಕೆಂಡ್ರಾ ಮತ್ತೆ ಜಡ್ಜ್ ಕಡೆ ತಿರುಗಿದಳು.

"ಗೊತ್ತಿಲ್ಲ," ಎಂದಳು.

"ಈ ಕೋಣೆಯಲ್ಲಿ ನಾನು ಕೇಳೋದು ಒಂದೇ ಕೆಂಡ್ರಾ. ಬಿದ್ದು ಬಂದ್ರೂ ಬನ್ನಿ, ಎತ್ತೋಣ. ಸುಳ್ಳು ಹೇಳ್ಕೊಂಡು ಬರಬೇಡಿ."

"ಗೊತ್ತಿಲ್ಲ ಅಂದ್ನಲ್ಲ!"

ಜಡ್ಜ್ ಉಸಿರು ಬಿಟ್ಟರು. ಈ ಸ್ಥಿತಿಯಲ್ಲಿ ಮಗುವನ್ನು ಕಳಿಸಲು ಆಗುವುದಿಲ್ಲ ಎಂದರು. ಅವರಿಗೂ ಅದು ಇಷ್ಟವಿರಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು, ಆದರೆ ಅದರಿಂದ ಯಾರಿಗೇನು ಬಂತು? ಅವರು ಹಿಂದಿನ ಬೆಂಚಿನ ಕಡೆ ಕತ್ತು ಎತ್ತಿದರು.

"ವನೆಟ್ಟಮ್ಮ, ಜೋಸಿ ಇನ್ನಷ್ಟು ದಿನ ನಿಮ್ಮಲ್ಲೇ ಇರಬೇಕಾಗುತ್ತೆ. ಆಗುತ್ತಾ?"

ವನೆಟ್ಟಾ ಎದ್ದಳು. ಕೈಚೀಲ ಮೊಣಕೈಗೆ ನೇತಾಡುತ್ತಿತ್ತು.

"ಆಗುತ್ತೆ ಸ್ವಾಮಿ," ಎಂದಳು. "ಎಷ್ಟು ದಿನ ಆದ್ರೂ."

ಎಷ್ಟು ದಿನ ಆದ್ರೂ! ದಿಂಬು ಕಚ್ಚಿ ಅತ್ತದ್ದು, ಹಳದಿ ಮಂಚ, ಚರ್ಚಿನ ಆ ಅಪ್ಪುಗೆ, ಎಲ್ಲವೂ ಕೆಂಡ್ರಾಗೆ ಒಟ್ಟಿಗೆ ನೆನಪಾಯಿತು. ತಾನು ಇವಳಿಗಾಗಿ ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಇವಳು ಮಗುವನ್ನು ಜೇಬಿಗೆ ಹಾಕಿಕೊಂಡು ಹೊರಟಿದ್ದಾಳೆ!

"ಅವಳ ಚೀಲದಲ್ಲಿದೆ!" ಎಂದು ಕಿರುಚಿದಳು. "ಪಟ್ಟಿ ಎಲ್ಲಿ ಅಂದ್ರಲ್ಲ ಸ್ವಾಮಿ, ಇಗೋ, ನಿಮ್ಮೆದುರು ನಿಂತಿರೋ ಪುಣ್ಯಾತ್ಗಿತ್ತಿ ಚೀಲದಲ್ಲಿದೆ. ಬಿಡು ಅಂದಿದ್ದು ಅವಳೇ. ಬಿಡದೇ ಇದ್ರೆ ಜೋಸಿ ಸಿಗಲ್ಲ ಅಂದಿದ್ದೂ ಅವಳೇ. ತೆಗಿ ಅಮ್ಮಾ. ತೆಗೆದು ತೋರಿಸು!"

ಮಾತು ಹೊರಬಿದ್ದ ಮೇಲೆ ಕೆಂಡ್ರಾಗೆ ಆಟದ ಕೋಣೆಯ ಬಾಗಿಲು ಕಾಣಿಸಿತು. ಏನು ಮಾಡಿಬಿಟ್ಟೆ ಎಂದುಕೊಂಡಳು. ಆದರೂ ಸಿಟ್ಟು ಇಳಿಯಲಿಲ್ಲ.

ಜಡ್ಜ್ ವನೆಟ್ಟಾಳನ್ನು ಮುಂದೆ ಕರೆದರು. ಅವಳು ಬಂದಳು, ತಲೆ ತಗ್ಗಿಸದೆ ಬಂದಳು. "ಹೌದು, ತಗೊಂಡೆ," ಎಂದಳು. "ಒಂದು ಮಗನ್ನ ಮಣ್ಣು ಮಾಡಿರೋಳು ನಾನು. ನನಗೆ ನಿಮ್ಮ ಡಾಕ್ಟ್ರು ಪಾಠ ಹೇಳೋದು ಬೇಡ." ಎನ್ನುತ್ತ ಜಿಪ್ ಎಳೆದು ಪೊಟ್ಟಣಕ್ಕಾಗಿ ಕೈ ಹಾಕಿದಳು. ಪೊಟ್ಟಣ ಬೈಬಲಿಗೂ ಕರವಸ್ತ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಜಗ್ಗಿದಳು. ಪೊಟ್ಟಣ ಬಂತು, ಅದರ ಜೊತೆಗೆ ಇನ್ನೊಂದೂ ಬಂದು ಮೇಜಿನ ಮೇಲೆ ಬಿತ್ತು. ಅದೂ ಅಂಥದೇ ರಟ್ಟಿನ ಪೊಟ್ಟಣ; ಮೂಲೆಗಳು ಸವೆದು, ಬಣ್ಣ ಮಾಸಿತ್ತು.

ಡೀಡ್ರಾ ಅದನ್ನು ಎತ್ತಿ ಅಂಗಡಿಯವರು ಅಂಟಿಸಿದ ಹೆಸರು ನೋಡಿದಳು. ಜೋರಾಗಿ ಓದಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಕೆಂಡ್ರಾ ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು.

ಡ್ವೇನ್ ಸ್ಲೋನ್.

ಒಳಗೆ ಪಟ್ಟಿಗಳು ಹಾಗೇ ಇದ್ದವು. ಒಂದೆರಡು ಮಾತ್ರ ಖಾಲಿಯಾಗಿ, ಉಳಿದವು ಬಿಚ್ಚದೆ ಸಾಲಾಗಿ ಕೂತಿದ್ದವು.

"ಇದು ಅವನ ಜೇಬಲ್ಲಿ ಸಿಕ್ತು ಅಂದಿದ್ದೆ ನೀನು," ಎಂದಳು ಕೆಂಡ್ರಾ. ದನಿ ತಣ್ಣಗಿತ್ತು. "ಇದು ತಿಂದೇ ಸತ್ತ ಅಂದಿದ್ದೆ. ಒಂದೆರಡು ಬಿಟ್ರೆ ಇದನ್ನ ಅವನು ಬಿಚ್ಚೇ ಇಲ್ವಲ್ಲ ಅಮ್ಮಾ."

ವನೆಟ್ಟಾ ಆ ಪೊಟ್ಟಣಕ್ಕೆ ಕೈ ಚಾಚಿದಳು; ಕೆಂಡ್ರಾ ಕೊಡಲಿಲ್ಲ.

"ಅವನ ಕೈಲೂ ಬಿಡಿಸಿದೆಯಾ?"

"ದೇವರ ಮುಂದೆ ಚೊಕ್ಕವಾಗಿ ನಿಲ್ಲಲಿ ಅಂತ," ಎಂದಳು ವನೆಟ್ಟಾ. "ನಿಂತನಲ್ಲ. ಚರ್ಚಲ್ಲಿ ಎದ್ದು ನಿಂತು ಹೇಳ್ದ. ನಿನ್ನ ಹಾಗೇ. ಎಲ್ಲ ಅತ್ರು. ಆ ವಾರಾನೇ ಯಾರೋ ಹಳೇ ಸ್ನೇಹಿತ ಬಂದ. ಒಂದೇ ಸಲ ಕಣೇ. ಒಂದೇ ಸಲ."

ಅವನ ಕೈಗೆ ಹಳೆಯ ಅಳತೆ ನೆನಪಿತ್ತು. ಕೋಣೆಯಲ್ಲಿದ್ದವರಿಗೆಲ್ಲ ಅದು ಅರ್ಥವಾಯಿತು. ಅಲ್ಲಿ ಯಾರೂ ಆ ವಿದ್ಯೆಗೆ ಹೊಸಬರಲ್ಲ.

"ಗೊತ್ತಿತ್ತು ನಿನಗೆ," ಎಂದಳು ಕೆಂಡ್ರಾ. "ಬಿಡಿಸಿದ್ದಕ್ಕೇ ಸತ್ತ ಅಂತ ಗೊತ್ತಿತ್ತು. ಗೊತ್ತಿದ್ದೂ ನನ್ನ ಮುಂದೆ ಕೈ ಚಾಚಿದೆಯಲ್ಲೇ?"

"ಗೊತ್ತಿರಲಿಲ್ಲ!" ವನೆಟ್ಟಾ ಮೊದಲ ಸಲ ಕೂಗಿದಳು. "ಯಾರ್ಯಾರೋ ಅಂದ್ರು. ನರ್ಸು ಅಂದ್ಲು, ಶವ ನೋಡಿದ ಡಾಕ್ಟ್ರು ಅಂದ. ನಾನು ನಂಬಲಿಲ್ಲ. ಹೆತ್ತೋಳು ಹ್ಯಾಗೆ ನಂಬ್ಲಿ? ನೀನು... ನೀನು ಬಿಟ್ಟೂ ಚೆನ್ನಾಗಿದ್ರೆ, ಆಗ ನಾನಲ್ಲ ಅಂತ ಆಗ್ತಿತ್ತು. ಪಟ್ಟಿ ಬಿಟ್ಟಿದ್ದಕ್ಕಲ್ಲ ಅವನು ಹೋಗಿದ್ದು ಅಂತ ಆಗ್ತಿತ್ತು."

ಕೆಂಡ್ರಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಸತ್ತ ಮಗನ ಲೆಕ್ಕ ತನ್ನ ತಲೆಗೆ ಬರಬಾರದೆಂದು ಇವಳು ಉಳಿದ ಮಗಳನ್ನು ಪಣಕ್ಕಿಟ್ಟಿದ್ದಳು. ಆ ಕಾಲು ಒದೆತದ ರಾತ್ರಿಗಳಲ್ಲಿ ತಾನು ಕೆಳಗಿನ ತಿರುವಿಗೆ ಹೋಗಿದ್ದರೆ? ಜೋಸಿಗೆ ಇವಳು ಏನೆಂದು ಹೇಳುತ್ತಿದ್ದಳು? ಅಮ್ಮನ ಜೇಬಲ್ಲೂ ಪಟ್ಟಿ ಸಿಕ್ಕಿತೆಂದೇ?

"ನನ್ನ ಮೇಲೆ ಪರೀಕ್ಷೆ ಮಾಡಿದೆ," ಎಂದಳು. "ನನ್ನ ತಬ್ಕೊಂಡು ಪರೀಕ್ಷೆ ಮಾಡಿದೆ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಜಡ್ಜ್ ನರ್ಸನ್ನು ಕರೆಸಿದರು, ನರ್ಸು ಡಾಕ್ಟರಿಗೆ ಫೋನ್ ಮಾಡಿದಳು. ಮದ್ದನ್ನು ಇವತ್ತೇ, ಕಡಿಮೆ ಅಳತೆಯಿಂದ, ನರ್ಸಿನ ಕಣ್ಣೆದುರೇ ಮತ್ತೆ ಶುರು ಮಾಡಬೇಕು. ಮಗು ಇನ್ನು ಅಜ್ಜಿಯ ಮನೆಯಲ್ಲಿರುವಂತಿಲ್ಲ. ಗುರುತಿಲ್ಲದವರ ಮನೆಗೆ ಕಳಿಸಬೇಕೆಂದು ಮಕ್ಕಳ ಇಲಾಖೆಯ ವಕೀಲ ಎದ್ದು ನಿಂತ. ಜಡ್ಜ್ ಅವನ ಮಾತು ಪೂರ್ತಿ ಕೇಳಿ, ಇಲ್ಲ ಎಂದರು. ತಾಯಂದಿರ ಕಟ್ಟಡದಲ್ಲಿ ಹಗಲೂ ರಾತ್ರಿಯೂ ಮೇಲ್ವಿಚಾರಕಿ ಇದ್ದಾಳೆ, ಡೀಡ್ರಾ ದಿನವೂ ಹೋಗಿ ನೋಡಲಿ, ಜೋಸಿ ಇವತ್ತು ಅಮ್ಮನ ಜೊತೆಗೇ ಹೋಗಲಿ. "ಮದ್ದಿನ ವಿಷಯದಲ್ಲಿ ಇನ್ನು ಯಾರ ಮಾತೂ ಕೇಳಬೇಡ," ಎಂದರು. "ನನ್ನ ಮಾತೂ ಬೇಡ. ಡಾಕ್ಟ್ರು ಮಾತ್ರ."

ಅಜ್ಜಿ ಮಗುವನ್ನು ನೋಡಬಹುದೋ ಬೇಡವೋ ಎಂಬುದನ್ನು ಸದ್ಯಕ್ಕೆ ತಾಯಿಯೇ ಹೇಳಲಿ ಎಂದೂ ಅಂದರು. ಆ ಅಧಿಕಾರ ಕೆಂಡ್ರಾಗೆ ಬೇಕಾಗಿರಲಿಲ್ಲ. ಇವತ್ತಿನವರೆಗೂ ಅದು ವನೆಟ್ಟಾಳ ಕೈಯಲ್ಲಿತ್ತು. ವನೆಟ್ಟಾ ಅದನ್ನು ಹೇಗೆ ಬಳಸಿದ್ದಳೆಂದು ಕೆಂಡ್ರಾಗೆ ಚೆನ್ನಾಗಿ ಗೊತ್ತಿತ್ತು.

ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ನರ್ಸು ಹೊಸದೊಂದು ಪಟ್ಟಿಯನ್ನು ಅರ್ಧ ಕತ್ತರಿಸಿ ಕೊಟ್ಟಳು. ಕೆಂಡ್ರಾ ಅದನ್ನು ನಾಲಿಗೆಯಡಿ ಇಟ್ಟುಕೊಂಡಳು. ಕಹಿ, ಅದರ ಮೇಲೆ ಯಾವುದೋ ಸುಳ್ಳು ಕಿತ್ತಳೆಹಣ್ಣಿನ ರುಚಿ. ಡೀಡ್ರಾ ಜೋಸಿಯನ್ನು ಕರೆತಂದಳು. ಮಗು ಚೀಲದ ಸಮೇತ ಅಮ್ಮನ ತೊಡೆಯೇರಿತು.

"ಅಮ್ಮಾ, ಹಳದಿ ಮಂಚಕ್ಕೆ ಹೋಗ್ತಿದ್ದೀವಾ?"

ಕೆಂಡ್ರಾ ತಲೆ ಆಡಿಸಿದಳು.

"ಯಾಕೆ ಮಾತಾಡ್ತಿಲ್ಲ?"

"ಅಮ್ಮನ ಬಾಯಲ್ಲಿ ಮದ್ದಿದೆ ಪುಟ್ಟಿ," ಎಂದಳು ವನೆಟ್ಟಾ. ಅವಳು ಎದುರಿನ ಬೆಂಚಿನಲ್ಲಿ ಕೂತಿದ್ದಳು. ಕೈಚೀಲ ತೆರೆದೇ ಇತ್ತು. ನೀಲಿ ಉಡುಪಿನಲ್ಲಿ ಅವಳು ಕುಗ್ಗಿಹೋದಂತೆ ಕಾಣುತ್ತಿದ್ದಳು. ಆ ಮಾತನ್ನು, ಮದ್ದು ಎಂಬ ಮಾತನ್ನು, ಅವಳು ಆ ಪಟ್ಟಿಗೆ ಬಳಸಿದ್ದು ಅದೇ ಮೊದಲು. "ಕರಗೋವರೆಗೂ ಮಾತಾಡಬಾರದು."

ಜೋಸಿ ಅಮ್ಮನ ಬಾಯಿಯನ್ನೇ ನೋಡುತ್ತ ಕೂತಳು. ಬಾಗಿಲಾಚೆ ಯಾರಿಗೋ ಚಪ್ಪಾಳೆ ಬಿತ್ತು.

"ಭಾನುವಾರ ಬರ್ಲಾ?" ಎಂದಳು ವನೆಟ್ಟಾ. "ಬೀನ್ಸ್ ಮಾಡ್ಕೊಂಡು ಬರ್ತೀನಿ. ಅವಳಿಗೆ ಜೋಳದ ಬ್ರೆಡ್ಡಿಗೆ ಜೇನು ಬೇಕು, ನಿನಗೆ ಗೊತ್ತಿಲ್ಲ. ಒಳಗೆ ಬರಲ್ಲ, ಬಾಗಿಲಲ್ಲೇ ಕೊಟ್ಟು ಹೋಗ್ತೀನಿ. ಕೆಂಡ್ರಾ? ಬರ್ಲಾ?"

ಜೋಸಿ ಅಜ್ಜಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಕರಗ್ಲಿ ತಡಿ ಅಜ್ಜಿ," ಎಂದಳು. "ಆಮೇಲೆ ಹೇಳ್ತಾಳೆ."

ವನೆಟ್ಟಾ ತಲೆಯಾಡಿಸಿ ಕಾಯತೊಡಗಿದಳು. ನರ್ಸು ಬಂದು ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿ, ಆಯಿತು, ಇನ್ನು ಮಾತಾಡಬಹುದು ಎಂದು ಹೇಳಿ ಹೋದಳು.

ಕೆಂಡ್ರಾ ಮಗುವನ್ನು ಎತ್ತಿಕೊಂಡು ಎದ್ದಳು. ಬಾಗಿಲವರೆಗೂ, ಮೆಟ್ಟಿಲು ಇಳಿಯುವವರೆಗೂ, ಡೀಡ್ರಾಳ ಕಾರು ಹತ್ತುವವರೆಗೂ ಅವಳು ಬಾಯಿ ತೆರೆಯಲಿಲ್ಲ.